ಒಳಗೆ ಬಿಟ್ಟ ಎರಡಿಂಚು

ಟೈಲರುಗಳ ಟೇಪು ಅರವತ್ತು ಇಂಚಿಗೆ ಮುಗಿಯುತ್ತದೆ. ಇಪ್ಪತ್ತೇಳು ವರ್ಷದಿಂದ ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟುಕೊಂಡು ಊರಿನವರ ಸೊಂಟ ಅಳೆಯುತ್ತಿದ್ದೇನೆ. ಟೇಪಿನ ಕೊನೆಯಲ್ಲಿರುವ ಆ ತಗಡಿನ ತುಂಡು ಯಾರ ಹೊಟ್ಟೆಯ ಮೇಲೂ ಬಂದು ಕೂತಿದ್ದನ್ನು ನೋಡಿರಲಿಲ್ಲ. ಮೊದಲ ಸಲ ನೋಡಿದ್ದು ನನ್ನ ಹೊಟ್ಟೆಯ ಮೇಲೆ. ಒಂದು ತುದಿ ಇನ್ನೊಂದನ್ನು ದಾಟಿ ಹೆಬ್ಬೆರಳಿನಷ್ಟು ಅಗಲ ಮಾತ್ರ ಮುಂದೆ ಬಂದಿತ್ತು. ಇನ್ನೊಂದು ಮಳೆಗಾಲ ಕಳೆದಿದ್ದರೆ ಎರಡೂ ತುದಿ ಮುಖಾಮುಖಿಯಾಗುತ್ತಿದ್ದವು. ಅದರ ಮುಂದಿನ ಮಳೆಗಾಲಕ್ಕೆ ಮುನಿಸಿಕೊಂಡವರ ಹಾಗೆ ಒಂದನ್ನೊಂದು ಮುಟ್ಟದೆ ದೂರವೇ ಉಳಿಯುತ್ತಿದ್ದವು.

ಅದೂ ಉಸಿರು ಬಿಗಿಹಿಡಿದು ತೆಗೆದ ಅಳತೆ ಎಂದು ಒಪ್ಪಿಕೊಂಡುಬಿಡುತ್ತೇನೆ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳದ ಗಂಡಸನ್ನು ನಾನು ಕಂಡಿಲ್ಲ. ಟೇಪು ಸೊಂಟಕ್ಕೆ ಬಂದ ಕೂಡಲೇ ಎಲ್ಲರೂ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕುಸ್ತಿಪಟುಗಳಾಗುತ್ತಾರೆ. ನಾವೂ ಏನೂ ಹೇಳುವುದಿಲ್ಲ, ಸುಮ್ಮನೆ ಒಂದಿಂಚು ಸೇರಿಸಿ ಬರೆದುಕೊಳ್ಳುತ್ತೇವೆ. ಅಂಥ ನಾನೇ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ನೋಡುವವರು ಯಾರೂ ಇಲ್ಲದಿದ್ದರೂ, ನನಗೆ ನಾನೇ ಸುಳ್ಳು ಅಳತೆ ಕೊಟ್ಟೆ.

ನಾಳೆ ಬೆಳಿಗ್ಗೆ ಮಂಗಳೂರಿನ ಈ ಆಸ್ಪತ್ರೆಯಲ್ಲಿ ನನ್ನ ಹೊಟ್ಟೆಗೆ ಆಪರೇಷನ್. ಹೆದರಿಕೆ ಇಲ್ಲ ಎಂದರೆ ಇದೂ ಉಸಿರು ಬಿಗಿಹಿಡಿದು ಕೊಟ್ಟ ಅಳತೆಯಾದೀತು. ಆದರೆ ಹೆದರಿಕೆಗಿಂತ ಉಮೇದೇ ಹೆಚ್ಚಿದೆ. ಹೊಸ ಮಿಷನ್ ತಂದ ದಿನ ಅದಕ್ಕೆ ಯಾವಾಗ ದಾರ ಪೋಣಿಸುತ್ತೇನೋ ಎಂದು ಕೈ ತುರಿಸುತ್ತಿತ್ತಲ್ಲ, ಹಾಗೆ. ಆಪರೇಷನ್ ಮಾಡಿಸಿಕೊಳ್ಳುವುದು ಎಂದು ಗಟ್ಟಿ ಮಾಡಿ ಮೂರು ತಿಂಗಳಾಯಿತು. ಯಾವ ಆಪರೇಷನ್ ಎಂಬ ವಿಷಯದಲ್ಲಿ ಮಾತ್ರ, ಜನ್ಮದಲ್ಲಿ ಕೊಟ್ಟ ಮಾತು ಬದಲಿಸದ ನಾನು, ಒಂದು ಸಲ ಬದಲಿಸಿದೆ. ಅದನ್ನೇ ಹೇಳಬೇಕೆಂದು ಕೂತಿದ್ದೇನೆ.

ಕೂತು ತಿಂದವನು ದಪ್ಪಗಾಗುತ್ತಾನೆ ಎನ್ನುತ್ತಾರೆ. ನಾನು ಕೂತು ದುಡಿದು ದಪ್ಪಗಾದವನು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಗುಂಡಿಯ ಕಾಜಾ ಹೊಲಿಯಲು ಕೂತವನು, ಏಳಲೇ ಇಲ್ಲ. ಯಾರ ಕೈಕೆಳಗೂ ನಿಲ್ಲದೆ, ರೆಡಿಮೇಡ್ ಬಟ್ಟೆ ಬಂದು ಸಾಲಿನ ಮೂರು ಟೈಲರ್ ಅಂಗಡಿ ಮುಚ್ಚಿದರೂ ನನ್ನದನ್ನು ಮುಚ್ಚದೆ ನಡೆಸಿಕೊಂಡು ಬಂದಿದ್ದೇನೆ. ಹಬ್ಬದ ಸೀಸನ್ನಿನಲ್ಲಿ ಊಟಕ್ಕೂ ಏಳುವುದಿಲ್ಲ. ಊಟವೇ ನನ್ನ ಹತ್ತಿರ ಬರುತ್ತದೆ. ಬಂದದ್ದನ್ನು ವಾಪಸು ಕಳಿಸುವ ಅಭ್ಯಾಸ ನಮ್ಮ ಕಡೆ ಇಲ್ಲ. ನನ್ನ ಹೆಂಡತಿ ಸರೋಜ ಕಡಹಿನಬೈಲು ಕಡೆಯವಳು. ಅವಳ ಕೈಯ ಕಡುಬು, ಕೋಳಿಸಾರು ಉಂಡವನಿಗೆ ಲೆಕ್ಕ ಮರೆಯುತ್ತದೆ.

ದಪ್ಪವನ್ನು ನಾನು ಬಹಳ ಕಾಲ ಲಕ್ಷಿಸಲೇ ಇಲ್ಲ. ಕಡೆಗೆ ಹೊಟ್ಟೆ ಬಂದು ನನಗೂ ಮಿಷನ್ನಿಗೂ ನಡುವೆ ಕೂತಿತು. ಸ್ಟೂಲನ್ನು ಹಿಂದೆ ಸರಿಸಿದೆ. ಮತ್ತೆ ಸರಿಸಿದೆ. ಬೆನ್ನು ಗೋಡೆಗೆ ತಾಗಿದ ದಿನ ಕೈ ಸೂಜಿಗೆ ಎಟುಕಲಿಲ್ಲ. ಸಕ್ಕರೆ ಕಾಯಿಲೆಗೆ ಬಗ್ಗದವನು, ಮಂಡಿನೋವಿಗೆ ಬಗ್ಗದವನು ಅಂದು ಬಗ್ಗಿದೆ. ಸೂಜಿ ಕೈಗೆ ಎಟುಕದಿದ್ದರೆ ನಾನು ಯಾರು?

ಕೊಪ್ಪದ ಡಾಕ್ಟರ ತಕ್ಕಡಿಯ ಮುಳ್ಳು ನನ್ನ ಭಾರಕ್ಕೆ ಕೊನೆಗೆ ಹೋಗಿ ನಿಂತುಬಿಟ್ಟಿತು. ಸರಿಯಾದ ತೂಕ ಬೇಕೇ ಬೇಕು ಎಂದರು. ಹಾಗಾಗಿ ಅಡಿಕೆ ಮಂಡಿಯ ತಕ್ಕಡಿ ಹತ್ತಿದೆ. ಕ್ವಿಂಟಾಲಿನ ಮೇಲೆ ಮೂವತ್ತೆಂಟು ಕಿಲೋ. ಮಂಡಿಯಲ್ಲಿ ಕೂತವರೊಬ್ಬರು, "ಇದು ಹಸಿ ತೂಕನಾ, ಒಣ ತೂಕನಾ ಮಾರಾಯ?" ಎಂದು ಕೇಳಿದರು. ಇಡೀ ಮಂಡಿ ನಕ್ಕಿತು. ನಾನೂ ನಕ್ಕೆ. ನಕ್ಕಾಗ ತಕ್ಕಡಿ ಅಲ್ಲಾಡಿತು.

ಹೊಟ್ಟೆ ಸಣ್ಣ ಮಾಡುವ ಆಪರೇಷನ್ ಕೇಳಿಕೊಂಡು ಸರೋಜನ ಜೊತೆ ಘಟ್ಟ ಇಳಿದು ಬಂದಾಗ ಇಲ್ಲಿನ ಡಾಕ್ಟರಮ್ಮ ಕಾಗದದ ಮೇಲೆ ಮೂರು ಹೊಟ್ಟೆ ಬರೆದು ತೋರಿಸಿದರು. ನಮ್ಮ ಕಟಿಂಗಿನ ಹಾಗೇ ನೇರ ಗೆರೆಗಳು. ಅವರ ಮೇಲೆ ಆ ಕ್ಷಣವೇ ಗೌರವ ಬಂತು. ಮೊದಲನೆಯದು ಬ್ಯಾಂಡು: ಹೊಟ್ಟೆಯ ಮೇಲ್ಭಾಗಕ್ಕೆ ಒಂದು ಪಟ್ಟಿ ಬಿಗಿಯುವುದು. ಬೇಕಾದಾಗ ಸೂಜಿಯಲ್ಲಿ ನೀರು ತುಂಬಿ ಬಿಗಿ ಮಾಡಬಹುದು, ಸಡಿಲ ಮಾಡಬಹುದು, ಬೇಡವೆಂದರೆ ತೆಗೆದೇ ಬಿಡಬಹುದು. ಎರಡನೆಯದು ಸ್ಲೀವು: ಹೊಟ್ಟೆಯನ್ನು ಉದ್ದಕ್ಕೆ ಕತ್ತರಿಸಿ ಹೆಚ್ಚಿನ ಭಾಗ ತೆಗೆದುಹಾಕಿ, ಉಳಿದದ್ದನ್ನು ಕೊಳವೆಯ ಹಾಗೆ ಹೊಲಿಯುವುದು. ಅದು ಹೊಸದಾಗಿ ಬಂದದ್ದು, ತೆಗೆದದ್ದು ತಿರುಗಿ ಬರುವುದಿಲ್ಲ. ಮೂರನೆಯದರಲ್ಲಿ ಕರುಳಿನ ದಾರಿಯನ್ನೇ ತಿರುಗಿಸುತ್ತಾರೆ. ಬಸ್ಸಿನ ರೂಟು ಬದಲಿಸಿದ ಹಾಗೆ ಕಂಡು ನಾನು ಅದನ್ನು ಅಲ್ಲೇ ಬಿಟ್ಟೆ. "ಒಂದೊಂದಕ್ಕೆ ಒಂದೊಂದು ಗುಣ ಉಂಟು, ದೋಷವೂ ಉಂಟು. ಮನೆಗೆ ಹೋಗಿ ಯೋಚನೆ ಮಾಡಿ" ಎಂದರು.

"ಯೋಚನೆ ಎಂತದು ಡಾಕ್ಟ್ರೇ? ಬ್ಯಾಂಡು ಹಾಕಿ" ಎಂದೆ.

ಯಾಕೆಂದರೆ ಅದು ನನ್ನ ಕಸುಬಿನ ಧರ್ಮ. ನಮ್ಮ ಊರಲ್ಲಿ ಯಾರ ಬಟ್ಟೆ ಹೊಲಿದರೂ ಹೊಲಿಗೆಯ ಒಳಗೆ ಎರಡಿಂಚು ಬಟ್ಟೆ ಮಡಚಿ ಬಿಡಬೇಕು. ಶಾಲೆ ಮಕ್ಕಳ ಯೂನಿಫಾರಂ ಆದರೆ ಬೆಳೆಯುವ ಮಕ್ಕಳು ಎಂದು ಬಿಡಿಸುತ್ತಾರೆ. ಬೆಳೆದು ನಿಂತವರು ಯಾಕೆ ಎಂದು ಹೇಳದೆ ಬಿಡಿಸುತ್ತಾರೆ. ಬಟ್ಟೆ ಪೀಸು ಕೊಟ್ಟು ಬಾಗಿಲು ದಾಟಿ ಹೋದವರು ತಿರುಗಿ ಬಂದು, "ಒಳಗೆ ಬಿಡಕ್ಕೆ ಮರೀಬೇಡ" ಎಂದು ಹೇಳಿ ಹೋಗುತ್ತಾರೆ. ನಾಳೆ ಬೇಕಾದರೆ ಬಿಚ್ಚಬಹುದು ಎಂಬುದೊಂದು ಧೈರ್ಯ. ಬ್ಯಾಂಡೂ ಅಷ್ಟೇ, ಒಳಗೆ ಬಟ್ಟೆ ಬಿಟ್ಟು ಹೊಲಿದ ಕೆಲಸ. ಡಾಕ್ಟರು ಅರ್ಧ ಗಂಟೆ ವಿವರಿಸಿದ್ದನ್ನು ಅರ್ಧ ನಿಮಿಷದಲ್ಲಿ ತೀರ್ಮಾನಿಸಿದೆನಲ್ಲ ಎಂಬ ಹೆಮ್ಮೆಯಲ್ಲಿ ಘಟ್ಟ ಹತ್ತಿದೆ. ಮರುದಿನದಿಂದ ಅಂಗಡಿಗೆ ಬಂದವರಿಗೆಲ್ಲ ಬ್ಯಾಂಡಿನ ಉಪನ್ಯಾಸ. ಪೈಜಾಮದ ಲಾಡಿ ಎಳೆದು ತೋರಿಸಿ, ಸಡಿಲಿಸಿ ತೋರಿಸಿ, ಕೊಪ್ಪದಲ್ಲಿ ಅರ್ಧ ಜನಕ್ಕೆ ಹೊಟ್ಟೆಯ ಶಾಸ್ತ್ರ ಕಲಿಸಿದೆ.

ಹೀಗಿರುವಾಗ ಹಿರೇಕೊಡಿಗೆಯ ತಿಮ್ಮಪ್ಪಗೌಡರು ಬಂದರು. ಅವರು ನನ್ನ ಇಪ್ಪತ್ತು ವರ್ಷದ ಗಿರಾಕಿ. ನಾನೇ ಹೊಲಿದ ಕಂದು ಪ್ಯಾಂಟನ್ನು ಮೇಜಿನ ಮೇಲೆ ಹಾಕಿದರು.

"ಇದೊಂಚೂರು ಬಿಚ್ಚಾಕು ಮಾರಾಯ. ತೊಳೆದೂ ತೊಳೆದೂ ಬಟ್ಟೆ ಬಿಗಿಯಾಗಿಬಿಟ್ಟದೆ."

"ಗೌಡ್ರೇ, ಹೋದ ವರ್ಷನೂ ಒಂದಿಂಚು ಬಿಚ್ಚಿದ್ದೆ."

"ಇನ್ನೊಂದಿಂಚು ಅದೆಯಲ್ಲ ಒಳಗೆ? ಅದಿದೆ ಅಂತ್ಲೇ ಧೈರ್ಯದಲ್ಲಿ ಉಣ್ಣದು ನಾನು!"

ಗೌಡರು ಅದನ್ನು ತಮಾಷೆಗೆ ಹೇಳಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಪೇಟೆ ಕೆಲಸಕ್ಕೆ ಹೋದರು. ನಾನು ಬ್ಲೇಡು ಹಿಡಿದು ಪ್ಯಾಂಟಿನ ಹಿಂದಿನ ಹೊಲಿಗೆ ಬಿಚ್ಚಿದೆ. ಬಿಸಿಲು ಕಾಣದ ಬಟ್ಟೆ ಒಳಗೆ ಹೊಸದರ ಹಾಗೆ ಹೊಳೆಯುತ್ತಿತ್ತು. ಅದನ್ನು ನೋಡುತ್ತಾ ನೋಡುತ್ತಾ ಬ್ಲೇಡು ಹಿಡಿದ ಕೈ ನಿಂತಿತು. ಇಪ್ಪತ್ತೇಳು ವರ್ಷದಲ್ಲಿ ಬಿಚ್ಚಿಸಿಕೊಂಡು ಹೋದವರು ಎಷ್ಟು ಜನ? ಎಣಿಸಲಾರೆ. ಹಿಡಿಸಿ ಸಣ್ಣ ಮಾಡಿಸಿಕೊಂಡು ಹೋದವರು? ಜ್ವರ ಬಂದು ಮಲಗಿ ಎದ್ದವರು ಇಬ್ಬರೋ ಮೂವರೋ, ಅವರೂ ಆರು ತಿಂಗಳಲ್ಲಿ ಮತ್ತೆ ಬಿಚ್ಚಿಸಿದರು. ಒಳಗೆ ಬಟ್ಟೆ ಇದೆ ಎಂದು ಗೊತ್ತಿರುವ ಹೊಟ್ಟೆ, ಆ ಬಟ್ಟೆ ಮುಗಿಯುವವರೆಗೆ ಬೆಳೆದೇ ಬೆಳೆಯುತ್ತದೆ. ಇದು ಯಾವ ಡಾಕ್ಟರಿಗಿಂತಲೂ ನನಗೆ ಚೆನ್ನಾಗಿ ಗೊತ್ತಿರಬೇಕಾದ ವಿಷಯ. ಆದರೂ ನನ್ನದೇ ಹೊಟ್ಟೆಗೆ ಎರಡಿಂಚು ಬಿಡಿಸಿಕೊಂಡು ಬಂದಿದ್ದೆ!

ಮನೆಗೆ ಹೋಗಿ ಸರೋಜನಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು, ತಲೆ ಎತ್ತಲಿಲ್ಲ.

"ನಂಗೆ ಅವತ್ತೇ ಗೊತ್ತಿತ್ತು. ನಿಮಗೆ ಬಿಚ್ಚೋ ದಾರಿ ಇಟ್ರೆ ಬಿಚ್ಚದೆ ಇರ್ತೀರಾ? ಸೋಮವಾರ ಒಪ್ಪತ್ತು ಅಂತ ಶುರು ಮಾಡಿದ್ರಿ. ಅನ್ನ ಅಲ್ಲ ಅಂತ ಅವಲಕ್ಕಿ ಬಂತು, ಅವಲಕ್ಕಿ ಒಣಗಿದೆ ಅಂತ ಮೊಸರು ಬಂತು, ಬರೀ ಮೊಸರು ನೆಗಡಿ ಅಂತ ಬಾಳೆಹಣ್ಣು ಬಂತು. ಕಡೆಗೆ ಸೋಮವಾರ ಬಂದ್ರೆ ನಂಗೆ ಎರಡು ಅಡುಗೆ."

"ಅವತ್ತೇ ಹೇಳಬಾರದಿತ್ತಾ?"

"ನೀವು ಡಾಕ್ಟ್ರು ಮಾತು ಮುಗಿಸಕ್ಕೆ ಬಿಟ್ರಾ, ನಂಗೆ ಬಿಡಕ್ಕೆ? ನೀರಾಗಿದ್ದು ಆ ಪಟ್ಟಿಯೊಳಗೆ ಜಾರಿ ಹೋಗ್ತದೆ ಅಂತ ಅವರು ಹೇಳ್ತಾ ಇದ್ರು, ನೀವು ಎದ್ದು ಚಪ್ಪಲಿ ಹುಡುಕ್ತಿದ್ರಿ. ಮದುವೆಮನೆ ಪಾಯಸಕ್ಕೆ ಯಾವ ಬ್ಯಾಂಡು ಅಡ್ಡ ನಿಲ್ತದೆ?"

ಹಾಗಾದರೆ ಕತ್ತರಿಸುವುದೇ ಸರಿ ಎಂದು ಮನಸ್ಸು ಕುಣಿಯಿತು. ಕುಣಿದು ಸುಸ್ತಾದ ಮೇಲೆ ಭಯ ಶುರುವಾಯಿತು. ಕತ್ತರಿಯ ವಿಷಯ ನನಗೆ ಗೊತ್ತು. ಕಸುಬು ಕಲಿತ ಹೊಸದರಲ್ಲಿ ಒಬ್ಬ ಮದುಮಗನ ಕೋಟಿನ ಬಟ್ಟೆಯನ್ನು ಅವನ ಮಾವನ ಅಳತೆಗೆ ಕತ್ತರಿಸಿಬಿಟ್ಟಿದ್ದೆ. ಮಾವ ಗಿಡ್ಡ, ಮದುಮಗ ಉದ್ದ. ಎಷ್ಟು ಅತ್ತರೂ ಬಟ್ಟೆ ಉದ್ದವಾಗಲಿಲ್ಲ. ಕತ್ತರಿ ಕಚಕ್ ಎಂದ ಮೇಲೆ ದೇವರೂ ಟೈಲರೂ ಒಂದೇ, ಇಬ್ಬರೂ ನೋಡುತ್ತಾ ನಿಲ್ಲಬೇಕು. ಇಲ್ಲಿ ಬಟ್ಟೆಯೂ ನಾನೇ. ಹೆಚ್ಚುಕಡಿಮೆಯಾದರೆ ಬೇರೆ ಪೀಸು ತಂದುಕೊಡುತ್ತೇನೆ ಎನ್ನುವ ಹಾಗಿಲ್ಲ.

ಇದರ ಜೊತೆಗೆ ಮರ್ಯಾದೆಯ ಪ್ರಶ್ನೆ. ಲಾಡಿ ಎಳೆದು ಎಳೆದು ತೋರಿಸಿದ ಊರಿಗೆ ಈಗ ಏನು ಹೇಳಲಿ? ಮೂರು ದಿನ ಫೋನಿನ ಹತ್ತಿರ ಹೋಗಿ ವಾಪಸು ಬಂದೆ. ಮೂರನೆಯ ದಿನ ಅಕ್ಕಿರೊಟ್ಟಿ ತಿನ್ನುತ್ತಾ, ಹೇಗೂ ಬ್ಯಾಂಡೇ ತಾನೆ, ಬೇಕಾದರೆ ಸಡಿಲ ಮಾಡಿಸಿಕೊಂಡರಾಯಿತು ಎಂದುಕೊಂಡು ಇನ್ನೆರಡು ರೊಟ್ಟಿ ಹಾಕಿಸಿಕೊಂಡೆ. ಹಾಕಿಸಿಕೊಂಡವನು ತಟ್ಟೆ ನೋಡಿ ದಂಗಾದೆ. ಪಟ್ಟಿ ಇನ್ನೂ ಆಸ್ಪತ್ರೆಯ ಪೆಟ್ಟಿಗೆಯಲ್ಲೇ ಇದೆ, ನಾನು ಇಲ್ಲಿ ಸಡಿಲ ಮಾಡಲು ಶುರು ಮಾಡಿಯಾಗಿದೆ! ಕೈ ತೊಳೆದು ನೇರ ಫೋನ್ ಮಾಡಿದೆ.

ಡಾಕ್ಟರಮ್ಮನಿಗೆ ಬೇಸರವಾಗಲಿಲ್ಲ. "ಅದಕ್ಕೆಂತ, ಬನ್ನಿ, ಕೂತು ಮಾತಾಡುವ" ಎಂದರು. ಹೋದೆವು. ಪ್ಯಾಂಟಿನ ಒಳಗಿನ ಎರಡಿಂಚಿನ ಕಥೆಯನ್ನು ಪೂರ್ತಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. ಮತ್ತೊಮ್ಮೆ ಪರೀಕ್ಷೆಗಳನ್ನೆಲ್ಲ ನೋಡಿ, ಸ್ಲೀವು ಮಾಡಲು ಅಡ್ಡಿ ಇಲ್ಲ ಎಂದರು. ಆಮೇಲೆ, "ಆದರೆ ಒಂದು ಸತ್ಯ ಹೇಳ್ತೇನೆ. ಇದು ಬಟ್ಟೆ ಅಲ್ಲ, ಮಾಂಸ. ನೀವು ದಿನಾ ತುರುಕಿದ್ರೆ ನಾವು ಹೊಲಿದ ಕೊಳವೆ ಕೂಡ ನಿಧಾನಕ್ಕೆ ಹಿಗ್ತದೆ" ಎಂದರು.

ನನ್ನ ಮುಖ ಸಣ್ಣದಾಯಿತು. ಕತ್ತರಿಸಿದರೂ ಹಿಗ್ಗುವುದಾದರೆ ಈ ಒದ್ದಾಟವೆಲ್ಲ ಯಾಕೆ?

ಸರೋಜ ಮಾತ್ರ ಖುಷಿಯಾದಳು. "ಹಿಗ್ತದೆ ಅಂತ ಮೊದಲೇ ಹೇಳಿದ್ದು ಒಳ್ಳೇದಾಯ್ತು ಡಾಕ್ಟ್ರೇ. ಇಲ್ದಿದ್ರೆ ಎಲ್ಲಾ ನಿಮ್ಮ ಮೇಲೆ ಹಾಕಿ ಇವರು ಆರಾಮಾಗಿ ಕೂತು ಉಣ್ತಿದ್ರು."

ಇಷ್ಟು ದಿನ ಊಟ ಬಿಡುವ ಕೆಲಸವನ್ನು ಬ್ಯಾಂಡಿಗೋ ಕತ್ತರಿಗೋ ಒಪ್ಪಿಸಿ ನಾನು ಪಾರಾಗುವ ಯೋಚನೆಯಲ್ಲಿದ್ದೆ ಎಂದು ಆಗ ಹೊಳೆಯಿತು. ದುಡಿದು ತಿನ್ನುವವನು ಎಂದು ಎದೆ ತಟ್ಟಿಕೊಳ್ಳುವ ನಾನು ಈ ಒಂದು ದುಡಿಮೆಯನ್ನು ಮಾತ್ರ ಬೇರೆಯವರ ತಲೆಗೆ ಕಟ್ಟಲು ಹೊರಟಿದ್ದೆ. ಕೆಲಸ ನನ್ನದೇ ಎಂದಾದ ಮೇಲೆ ವಿಚಿತ್ರವಾಗಿ ಧೈರ್ಯ ಬಂತು. ಕೆಲಸಕ್ಕೆ ನಾನು ಎಂದೂ ಹೆದರಿದವನಲ್ಲ. ಒಂದೊಂದು ಅಕ್ಷರ ಓದಿ, ಸ್ಲೀವಿಗೆ ಸಹಿ ಹಾಕಿದೆ.

ಈಗ ಸಂಜೆ. ಬರೀ ಗಂಜಿನೀರು ಕುಡಿದು ಕೂತಿದ್ದೇನೆ. ಪಕ್ಕದ ಮಂಚದಲ್ಲಿ ಶೃಂಗೇರಿಯ ಒಬ್ಬರು ಭಟ್ಟರಿದ್ದಾರೆ, ನನಗಿಂತ ಒಂದು ಹಿಡಿ ಮೇಲೇ ತೂಗುವವರು. ನಾಳೆ ನನ್ನ ನಂತರ ಅವರ ಸರದಿ. ಕಥೆಯೆಲ್ಲ ಕೇಳಿದ ಮೇಲೆ ಅವರಿಗೆ ಇರಿಸುಮುರಿಸಾಯಿತು.

"ನಾನು ಬ್ಯಾಂಡು ಅಂದಿದ್ದೇನಲ್ಲ ಮಾರಾಯ್ರೆ. ತಪ್ಪಾಯ್ತಾ?"

ಕೊಪ್ಪಕ್ಕೆಲ್ಲ ಉಪನ್ಯಾಸ ಕೊಟ್ಟು ಬುದ್ಧಿ ಕಲಿತವನು ನಾನು. ಒಬ್ಬರ ಅಳತೆಗೆ ಇನ್ನೊಬ್ಬರ ಬಟ್ಟೆ ಕತ್ತರಿಸಬಾರದು. ಹಾಗಾಗಿ, "ವ್ರತ, ಉಪವಾಸ ಎಲ್ಲ ಮಾಡ್ತೀರಾ?" ಎಂದು ಮೊದಲು ಕೇಳಿದೆ.

"ಮೂವತ್ತು ವರ್ಷದಿಂದ ಒಂದು ಏಕಾದಶಿ ತಪ್ಪಿಸಿಲ್ಲ. ಒಂದು ತೊಟ್ಟು ನೀರೂ ಇಲ್ಲ."

"ಹಾಗಾದ್ರೆ ನಿಮಗೆ ಬ್ಯಾಂಡೇ ಸರಿ. ಬಿಚ್ಚೋ ದಾರಿ ಇದ್ರೂ ಬಿಚ್ಚದವರು ನೀವು. ಕತ್ತರಿ ನನ್ನಂಥವನಿಗೆ."

ಭಟ್ಟರು ನಿರಾಳವಾಗಿ ದಿಂಬಿಗೆ ಒರಗಿದರು. ನನಗೂ ಸಮಾಧಾನವಾಯಿತು. ಸುಮ್ಮನೆ ಮಾತಿಗೆಂದು, "ಮತ್ತೆ ಮಾರನೇ ದಿನ, ದ್ವಾದಶಿ ಊಟ?" ಎಂದೆ.

ಭಟ್ಟರು ನಿಧಾನಕ್ಕೆ ಎದ್ದು ಕೂತು, ಮಂಚದ ಪಕ್ಕದ ಗಂಟೆ ಒತ್ತಿದರು.

"ಸಿಸ್ಟರ್, ಡಾಕ್ಟ್ರು ಮನೆಗೆ ಹೋಗಿಯಾಯ್ತಾ?"