ಬೇಲಾಪುರದವಳು

ಮೊನ್ನೆ ಶನಿವಾರ ನಮ್ಮ ಅಡುಗೆಮನೆಯ ಪೈಪು ಸೋರತೊಡಗಿತೆಂದು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಬೇಕಾಗಿದ್ದುದು ಒಂದು ಹೋಸ್ ಕ್ಲ್ಯಾಂಪ್, ಅಂದರೆ ರಬ್ಬರ್ ಪೈಪನ್ನು ನಲ್ಲಿಯ ಮೂತಿಗೆ ಬಿಗಿಯಾಗಿ ಹಿಡಿಸುವ, ತಿರುಪಿರುವ ಉಕ್ಕಿನ ಪಟ್ಟಿ. ಅಂಗಡಿಯವನು ಡಬ್ಬಿಯಿಂದ ಒಂದನ್ನು ತೆಗೆದುಕೊಟ್ಟ. ನಾನು ಕಿಸೆಯಿಂದ ಪುಟ್ಟ ಅಯಸ್ಕಾಂತವೊಂದನ್ನು ತೆಗೆದು ಅದರ ತಿರುಪಿಗೆ ಹಿಡಿದೆ. ಟಕ್ಕೆಂದು ಅಂಟಿತು. ಬೇರೆ ಕೊಡಿ ಎಂದೆ. ಅದೂ ಅಂಟಿತು. ಆರನೆಯದಕ್ಕೆ ಬರುವಷ್ಟರಲ್ಲಿ ಅವನ ತಾಳ್ಮೆ ಮುಗಿದಿತ್ತು.

"ಕಾಕಾ, ಕಿಚನ್ ಮೇಂ ಹೀ ಲಗಾನಾ ಹೈ ನಾ? ಜಹಾಜ್ ಮೇಂ ಥೋಡೀ ಲಗಾನಾ ಹೈ."

ಅಡುಗೆಮನೆಗೆ ತಾನೇ, ಹಡಗಿಗೇನೂ ಅಲ್ಲವಲ್ಲ ಎಂದು ಅವನ ಮಾತು. ನನಗೆ ನಗು ತಡೆಯಲಾಗಲಿಲ್ಲ. ಅವನ ಅಂಗಡಿಯಲ್ಲಿ ಜನ ಕಾಯುತ್ತಿದ್ದರು, ಕಥೆ ಹೇಳುವ ಹೊತ್ತಲ್ಲ. ನಿಮಗೇನೂ ಅವಸರ ಇರಲಿಕ್ಕಿಲ್ಲ, ಆದ್ದರಿಂದ ನಿಮಗೆ ಹೇಳುತ್ತೇನೆ.

ನನ್ನ ವಾರಿಜಕ್ಕನ ಗಂಡ, ಅಂದರೆ ನನ್ನ ಬಾವ, ಠಾಣೆಯ ನೌಪಾಡಾದಲ್ಲಿ ಬಹಳ ವರ್ಷ ಸಸ್ಯಾಹಾರಿ ಹೋಟೆಲು ನಡೆಸಿದವರು. ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆದರೆ ದಿನವಿಡೀ ಆ ಹದಿನೈದು ಅಡಿ ಅಗಲದ ಜಾಗವೇ ಅವರ ಲೋಕ. ಅವರ ಖಾಯಂ ಗಿರಾಕಿಗಳಲ್ಲಿ ಹಡಗಿನ ಎಂಜಿನಿಯರಾಗಿ ನಿವೃತ್ತರಾದ ಒಬ್ಬರಿದ್ದರು. ದಿನಾ ಇಡ್ಲಿ ತಿನ್ನುತ್ತ ತಮ್ಮ ಹಾಯಿಬೋಟಿನ ಸುದ್ದಿ ಹೇಳುತ್ತಿದ್ದರು. ಬಾವ ಒಂದು ಭಾನುವಾರ ಕುತೂಹಲಕ್ಕೆಂದು ನೋಡಲು ಹೋದವರು ಮರುವಾರವೂ ಹೋದರು. ಎಂಜಿನಿಯರರು ಪುಣೆಗೆ, ಮಗಳ ಮನೆಗೆ ಹೊರಟಾಗ ಬೋಟು ಬಾವನ ಪಾಲಾಯಿತು. ಅಷ್ಟರಲ್ಲಿ ಬಾವನ ಮಗಳು ಅಶ್ವಿನಿ ಹೋಟೆಲಿನ ಗಲ್ಲೆಯಲ್ಲಿ ಕೂರಲು ಶುರುಮಾಡಿದ್ದಳು.

ಇಪ್ಪತ್ತೆಂಟು ಅಡಿ ಉದ್ದದ, ಒಂದು ಕಂಬ, ಎರಡು ಹಾಯಿ, ಒಳಗೆ ಮೂವರು ಮಲಗುವಷ್ಟು ಜಾಗವಿರುವ ಹಳೆಯ ಬೋಟು ಅದು. ಬೇಲಾಪುರದ ಖಾಡಿಯಲ್ಲಿ, ಅಂದರೆ ಸಮುದ್ರದ ಹಿನ್ನೀರಿನಲ್ಲಿ, ಮೀನುಗಾರರ ದೋಣಿಗಳ ನಡುವೆ, ಮದುವೆಮನೆಗೆ ಗುರುತಿಲ್ಲದೆ ಬಂದ ನೆಂಟರ ಹಾಗೆ ನಿಂತಿರುತ್ತಿತ್ತು. ಇಳಿತದ ಹೊತ್ತಿಗೆ ನೀರೆಲ್ಲ ಹೋಗಿ ಕೆಸರಿನ ಮೇಲೆ ಕೂತುಬಿಡುತ್ತಿತ್ತು. ವಾರಿಜಕ್ಕ ಅದನ್ನು ನೋಡಿರಲಿಲ್ಲ, ನೋಡುವ ಮನಸ್ಸೂ ಇರಲಿಲ್ಲ. ಗಂಡ ಭಾನುವಾರ ಸಂಜೆ ಕೈಗೆಲ್ಲ ಗ್ರೀಸು ಮೆತ್ತಿಕೊಂಡು ಬಂದರೆ, "ಹೇಗಿದ್ದಾಳೆ ನಿಮ್ಮ ಬೇಲಾಪುರದವಳು?" ಎಂದು ಕೇಳಿ ಒಳಗೆ ಹೋಗುತ್ತಿದ್ದಳು. ಹೀಗೆ ಅದಕ್ಕೆ ಆ ಹೆಸರೇ ನಿಂತಿತು.

ನಾನು ಈ ಸಂಸಾರದೊಳಗೆ ಬಂದದ್ದು ರಿಪೇರಿಯವನಾಗಿ. ಎಂಐಡಿಸಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ನನಗೆ ಮೇಂಟೆನೆನ್ಸ್ ಕೆಲಸ. ಪಂಪು, ಪೈಪು, ವಾಲ್ವು ಎಂದರೆ ನಿದ್ದೆಯಲ್ಲೂ ಗೊತ್ತು ಎಂದು ಭಾವಿಸಿಕೊಂಡವನು. ಡೊಂಬಿವಲಿಯಿಂದ ಲೋಕಲ್ ಹಿಡಿದು ಠಾಣೆಗೆ ಹೋಗಿ, ಅಲ್ಲಿ ಪನ್ವೇಲ್ ಗಾಡಿಗೆ ಬದಲಿಸಿ, ಚೀಲದಲ್ಲಿ ಸ್ಪ್ಯಾನರುಗಳನ್ನು ಗಲಗಲ ಎನ್ನಿಸುತ್ತ ಬೇಲಾಪುರದಲ್ಲಿ ಇಳಿಯುತ್ತಿದ್ದೆ. ಮೊದಲ ದಿನವೇ ಬೋಟನ್ನು ಸುತ್ತಿ ನೋಡಿ, ಇದರಲ್ಲಿ ಎಲ್ಲವೂ ಹಳತು, ಎಲ್ಲವನ್ನೂ ಬದಲಿಸಬೇಕು ಎಂದು ತೀರ್ಪು ಕೊಟ್ಟೆ.

ಬಾವನ ರೀತಿ ಬೇರೆ. ಅವರು ಹೋಟೆಲಿನವರು. ಗ್ರೈಂಡರು ನಿಂತರೆ ಹೊಸದು ತರುವ ಮೊದಲು ಬಿಚ್ಚಿ ನೋಡುವವರು. ಹಾಯಿಯ ಹಗ್ಗ ಎಳೆಯುವ ವಿಂಚ್ ಎಂಬ ರಾಟೆ ಕಿರುಗುಟ್ಟಿದಾಗ ಹಳೆಯ ಪೇಪರು ಹರಡಿ, ಅದರ ಮೇಲೆ ಒಂದೊಂದೇ ಹಲ್ಲುಚಕ್ರ ತೆಗೆದು ಸಾಲಾಗಿ ಇಟ್ಟು, ಸೀಮೆಎಣ್ಣೆಯಲ್ಲಿ ತೊಳೆದರು. ನಾನು ಗ್ರೀಸು ಧಾರಾಳವಾಗಿ ಮೆತ್ತಲು ಹೋದರೆ ಕೈ ಹಿಡಿದು, "ಅಷ್ಟು ಬೇಡ ಮಾರಾಯ, ಕಾವಲಿಗೆ ಎಣ್ಣೆ ಸವರಿದ ಹಾಗೆ ಸಾಕು" ಎಂದರು. ಹರಿದ ಹಾಯಿಯನ್ನು ಕಲ್ಯಾಣ್ ಪೇಟೆಯಲ್ಲಿ ಮದುವೆ ಮಂಟಪದ ಬಟ್ಟೆ ಹೊಲಿಯುವವನ ಹತ್ತಿರ ಒಯ್ದು, ಎದುರಿಗೇ ಕೂತು ಹೊಲಿಸಿಕೊಂಡು ಬಂದರು. ಬೋಟು ಓಲಾಡಿದರೂ ನೆಟ್ಟಗೆ ನಿಲ್ಲುವ ತೂಗು ಒಲೆಯನ್ನು ಕೂರಿಸಿದ ದಿನವಂತೂ ಅವರ ಮುಖ ನೋಡಬೇಕಿತ್ತು. ಆ ಒಲೆಯ ಮೇಲೆ ಕಾಯಿಸಿದ ಮೊದಲ ಕಾಫಿ ಕುಡಿದಾಗ ಹೋಟೆಲಿನ ಕಾಫಿಗಿಂತ ಚೆನ್ನಾಗಿದೆ ಎಂದೆ. ಅಶ್ವಿನಿಯ ಹತ್ತಿರ ಇದನ್ನು ಹೇಳಬೇಡ ಎಂದರು.

ನಾನು ಮಾಡಿಸಿದವೂ ಕಡಿಮೆಯಲ್ಲ. ಸೋಲಾರ್ ಫಲಕ, ಹೊಸ ಬ್ಯಾಟರಿ, ದಾರಿ ತೋರಿಸುವ ಪರದೆ. ಎಲ್ಲಕ್ಕಿಂತ ನನ್ನ ಹೆಮ್ಮೆಯದು ಬೋಟಿನ ಹೊಟ್ಟೆಯಲ್ಲಿ ಕೂರಿಸಿದ ಅಟೊಮ್ಯಾಟಿಕ್ ಪಂಪು. ನೀರು ಸೇರಿದರೆ ಅದರ ಪಕ್ಕದ ತೇಲುಗುಂಡು ಮೇಲೇಳುತ್ತದೆ, ಪಂಪು ತಾನಾಗಿ ಶುರುವಾಗಿ ನೀರನ್ನು ಹೊರಗೆ ಹಾಕುತ್ತದೆ. ಎಂಜಿನ್ನಿನ ರಬ್ಬರ್ ಪೈಪುಗಳನ್ನೂ ಬದಲಿಸಿ, ಹೊಸ ಕ್ಲ್ಯಾಂಪುಗಳನ್ನು ನಾನೇ ತಂದು ಬಿಗಿದೆ.

ಬೋಟಿನ ತಳದಲ್ಲಿ ಮನುಷ್ಯರೇ ಬೇಕೆಂದು ಕೊರೆದ ತೂತುಗಳಿರುತ್ತವೆ ಎಂಬುದು ನನಗೂ ಮೊದಲು ಗೊತ್ತಿರಲಿಲ್ಲ. ಎಂಜಿನ್ನನ್ನು ತಂಪು ಮಾಡುವ ಸಮುದ್ರದ ನೀರಿಗೆ ಒಂದು, ಸಿಂಕಿಗೆ ಒಂದು, ಕಕ್ಕಸಿಗೆ ಎರಡು. ಒಂದೊಂದಕ್ಕೂ ಒಂದು ವಾಲ್ವು. ಬಾವ ಪ್ರತಿ ಭಾನುವಾರ ಬಂದ ಕೂಡಲೇ ಮಂಡಿಯೂರಿ ಈ ನಾಲ್ಕನ್ನೂ ಮುಚ್ಚಿ ತೆರೆದು, ಮತ್ತೆ ಮುಚ್ಚಿ ತೆರೆಯುತ್ತಿದ್ದರು. ಹೋಟೆಲಿನಲ್ಲಿ ಗ್ಯಾಸಿನ ವಾಲ್ವುಗಳನ್ನು ದಿನವೂ ತಿರುಗಿಸಿ ನೋಡುವ ಅಭ್ಯಾಸ ಅದು. ಹಾಳಾಗದ್ದನ್ನು ಯಾಕೆ ಮುಟ್ಟುತ್ತೀರಿ ಬಾವ ಎಂದು ನಾನು ಗೇಲಿ ಮಾಡುತ್ತಿದ್ದೆ. ಅವರು ನಾಲ್ಕನೆಯದನ್ನು ತಿರುಗಿಸಿ, ಕೈ ಒರೆಸಿಕೊಂಡು, ಕಾಫಿಗೆ ನೀರಿಡುತ್ತಿದ್ದರು.

ಹೀಗೆ ಎರಡು ವರ್ಷ ಹೋಯಿತು. ಅಕ್ಕನಿಗೆ ಬೇಲಾಪುರದವಳ ಮೇಲಿದ್ದ ತಮಾಷೆ ಮುಗಿದು ಬೇಸರ ಶುರುವಾಯಿತು. ಹೋಟೆಲಿನ ದುಡಿಮೆ ಮುಗಿದ ಮೇಲಾದರೂ ಜೊತೆಯಲ್ಲಿ ಇರಬಹುದು ಎಂದುಕೊಂಡಿದ್ದೆ, ಈಗ ಭಾನುವಾರವೂ ಹೋಯಿತು ಎಂದು ನನ್ನ ಹತ್ತಿರ ಒಮ್ಮೆ ಮೆಲ್ಲಗೆ ಹೇಳಿದಳು. ಈ ಮಾತು ಅಶ್ವಿನಿಯ ಕಿವಿಗೂ ಬಿದ್ದಿರಬೇಕು. ಅವಳು ಕನ್ನಡದಲ್ಲಿ ಎಲ್ಲ ಕೇಳಿಸಿಕೊಂಡು ಮರಾಠಿಯಲ್ಲಿ ಉತ್ತರಿಸುವವಳು. "ಆಯೀ, ಏಕದಾ ಜಾವೂನ್ ತರ್ ಬಘ್" ಎಂದಳು, ಒಮ್ಮೆ ಹೋಗಿಯಾದರೂ ನೋಡು ಎಂದು. ಅಕ್ಕ ಒಪ್ಪಿದಳು, ಒಂದು ಷರತ್ತಿನ ಮೇಲೆ. ತನಗೆ ಹಿಡಿಸದಿದ್ದರೆ ಬೋಟು ಮಾರಬೇಕು. ಬಾವ ಆಗಲಿ ಎಂದರು.

ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ತಿಳಿ ಬಿಸಿಲು. ಅಕ್ಕ ಸೀರೆಯ ಸೆರಗು ಸಿಕ್ಕಿಸಿ, ಒಂದು ದೊಡ್ಡ ಸ್ಟೀಲ್ ಡಬ್ಬಿ ತುಂಬ ಬನ್ಸ್ ತುಂಬಿಕೊಂಡು ಬಂದಳು. ಎಂಜಿನ್ ಹಾಕಿ, ಇಳಿಯುವ ನೀರಿನೊಂದಿಗೆ ಖಾಡಿಯ ಬಾಯಿಯ ಕಡೆ ಹೊರಟೆವು. ಅಕ್ಕ ದಡದ ಕಟ್ಟಡಗಳನ್ನು ನೋಡುತ್ತಿದ್ದಳು. ಬಾವ ಅವಳ ಮುಖ ನೋಡುತ್ತಿದ್ದರು. ನಾನು ಇಬ್ಬರನ್ನೂ ನೋಡುತ್ತಿದ್ದೆ. ದಡ ದೂರವಾಗಿ ನೀರು ಅಗಲವಾದ ಮೇಲೆ ಅವಳು ಬನ್ಸ್ ತರುತ್ತೇನೆ ಎಂದು ಒಳಗೆ ಇಳಿದಳು. ಆಮೇಲೆ ಅವಳ ದನಿ ಕೇಳಿಸಿತು, ಹಾಲು ಬಂತಾ ಎಂದು ವಿಚಾರಿಸುವಷ್ಟೇ ನಿಧಾನವಾಗಿ.

"ಇಲ್ಲಿ ನೀರು ಉಂಟಲ್ಲ. ಇದು ಇರ್ಬೇಕಾದದ್ದಾ?"

ನಾನು ಇಣುಕಿದೆ. ಅವಳ ಪಾದದ ಗಂಟು ಮುಳುಗಿತ್ತು. ನೆಲದ ಹಲಗೆಯೊಂದು ತೇಲುತ್ತಿತ್ತು. ನನ್ನ ಹೆಮ್ಮೆಯ ಪಂಪು ಉಸಿರೆತ್ತದೆ ಕೂತಿತ್ತು.

ಬಾವ ಎಂಜಿನ್ ಆರಿಸಿದರು. ಅಕ್ಕನನ್ನು ಮೇಲೆ ಕರೆದು, ಚುಕ್ಕಾಣಿಯ ಹಿಡಿಕೆಯನ್ನು ಅವಳ ಕೈಗಿತ್ತು, "ಅಗೋ ಆ ಕಾರ್ಖಾನೆ ಚಿಮಣಿ ಕಾಣ್ತದಲ್ಲ, ಬೋಟಿನ ಮೂತಿ ಅದರ ಕಡೆಗೇ ಇರ್ಲಿ. ಬೇರೆ ಎಂತದೂ ನೋಡ್ಬೇಡ" ಎಂದು ಹಾಯಿ ಏರಿಸಲು ಹೋದರು. ನಾನು ಎಂಜಿನ್ನಿನ ಪೆಟ್ಟಿಗೆ ತೆರೆದೆ. ನಾನೇ ಹಾಕಿದ ಪೈಪು ಕಳಚಿ ಬಿದ್ದಿತ್ತು. ತೂತಿನಿಂದ ನನ್ನ ಮಣಿಕಟ್ಟಿನಷ್ಟು ದಪ್ಪದ ನೀರು ಒಳಗೆ ನುಗ್ಗುತ್ತಿತ್ತು. ಕಾರ್ಖಾನೆಯಲ್ಲಿ ಎಷ್ಟೋ ಸೋರಿಕೆ ನಿಲ್ಲಿಸಿದ್ದೇನೆ. ಆದರೆ ಅಲ್ಲಿ ಒಳಗೆ ಬರುತ್ತಿದ್ದುದು ಸಮುದ್ರವಲ್ಲ, ಮೇಲೆ ಒಡಹುಟ್ಟಿದವಳು ಕೂತಿರುತ್ತಿರಲಿಲ್ಲ. ನೀರೊಳಗೆ ತಡಕಾಡಿ ವಾಲ್ವಿನ ಹಿಡಿ ಹಿಡಿದೆ. ಅದು ಬಿಗಿದು ಕೂತಿದ್ದರೆ ಈ ಕಥೆ ಬೇರೆಯೇ ಆಗುತ್ತಿತ್ತು. ಎರಡು ಬೆರಳಿಗೇ ತಿರುಗಿತು. ನೀರು ನಿಂತಿತು.

ಆಮೇಲೆ ಡಬ್ಬಿಯ ಬನ್ಸನ್ನು ಹಾಸಿಗೆಯ ಮೇಲೆ ಸುರಿದು, ಅದೇ ಡಬ್ಬಿಯಿಂದ ನೀರು ಮೊಗೆದು ಸಿಂಕಿಗೆ ಹೊಯ್ದೆ. ಅರ್ಧ ಗಂಟೆಯಾಗಿರಬಹುದು. ತಳ ಕಾಣಿಸಿದಾಗ ಎರಡು ವಸ್ತುಗಳು ಸಿಕ್ಕವು. ಒಂದು, ತೇಲುಗುಂಡನ್ನು ಮೇಲೇಳದ ಹಾಗೆ ಸುತ್ತಿಕೊಂಡಿದ್ದ ಚಿಂದಿ ಬಟ್ಟೆ, ಹಿಂದಿನ ವಾರ ನಾನೇ ಕೈ ಒರೆಸಿ ಎಸೆದದ್ದು. ಇನ್ನೊಂದು, ಮುರಿದ ಕ್ಲ್ಯಾಂಪು. ಪಟ್ಟಿ ಫಳಫಳ ಹೊಳೆಯುವ ಸ್ಟೇನ್‌ಲೆಸ್ ಉಕ್ಕು, ಅದರ ತಿರುಪು ಮಾತ್ರ ಸಾದಾ ಕಬ್ಬಿಣ. ಉಪ್ಪುನೀರಿನಲ್ಲಿ ತುಕ್ಕು ಹಿಡಿದು ಬಿಸ್ಕತ್ತಿನಂತೆ ಪುಡಿಯಾಗಿತ್ತು. ಕೊಳ್ಳುವಾಗ ನಾನು ಪಟ್ಟಿಯ ಹೊಳಪನ್ನಷ್ಟೇ ನೋಡಿದ್ದೆ, ತಿರುಪಿಗೆ ಅಯಸ್ಕಾಂತ ಹಿಡಿದು ನೋಡಿರಲಿಲ್ಲ. ಎರಡನ್ನೂ ಕಿಸೆಗೆ ಹಾಕಿಕೊಂಡೆ.

ಮೇಲೆ ಬಂದರೆ ಎಂಜಿನ್ನಿನ ಸದ್ದಿಲ್ಲ. ಹಾಯಿ ತುಂಬಿ ನಿಂತಿತ್ತು. ಅಕ್ಕ ಚಿಮಣಿಯ ಮೇಲಿಟ್ಟ ಕಣ್ಣು ತೆಗೆಯದೆ ಕೂತಿದ್ದಳು. ಬಾವ ಚುಕ್ಕಾಣಿಗೆ ಕೈ ಚಾಚಿದಾಗ, "ಇರ್ಲಿ, ನಾನೇ ಹಿಡೀತೇನೆ" ಎಂದಳು. ನೀರು ತಿರುಗಿ ಏರತೊಡಗುವವರೆಗೆ ಅತ್ತಿತ್ತ ಸುತ್ತಿ, ಭರತದೊಂದಿಗೆ ಹಿಂದಿರುಗಿದೆವು. ದಾರಿಯಲ್ಲಿ, ಏನಾಗಿತ್ತು ಎಂದು ಅವಳು ಕೇಳಿದ್ದಕ್ಕೆ ಬಾವ ನನ್ನ ಕಡೆ ನೋಡದೆ, ಹಳೆ ಬೋಟಲ್ವಾ, ಒಂದೊಂದು ಸಲ ಹಾಗಾಗ್ತದೆ ಎಂದರು. ನಾನು ಇನ್ನೊಂದು ಬನ್ಸ್ ಕೈಗೆತ್ತಿಕೊಂಡೆ.

ಆ ವಾರವಿಡೀ ಕಾರ್ಖಾನೆಯಲ್ಲಿ ನನ್ನ ಕೈ ಕಿಸೆಗೆ ಹೋದಾಗಲೆಲ್ಲ ಆ ಕ್ಲ್ಯಾಂಪು ಚುಚ್ಚುತ್ತಿತ್ತು. ಬಾವ ಮಾತು ಕೊಟ್ಟಿದ್ದರು, ಅಕ್ಕ ಇನ್ನೂ ತೀರ್ಮಾನ ಹೇಳಿರಲಿಲ್ಲ. ನನ್ನ ತಪ್ಪಿಗೆ ಬೋಟು ಹೋಗುತ್ತದೆ ಎಂದು ನನಗೆ ಊಟ ಸೇರಲಿಲ್ಲ. ಶನಿವಾರ ಮಧ್ಯಾಹ್ನ ನೌಪಾಡಾಕ್ಕೆ ಹೋದೆ. ಊಟದ ಗಿರಾಕಿಗಳು ಹೋಗಿ ಹೋಟೆಲು ಖಾಲಿಯಾಗಿತ್ತು. ಮೂಲೆಯ ಟೇಬಲಿನಲ್ಲಿ ಅಕ್ಕ, ಬಾವ ಇಬ್ಬರೂ ಕೂತಿದ್ದರು. ಕ್ಲ್ಯಾಂಪನ್ನು ಅವರೆದುರು ಇಟ್ಟು ಎಲ್ಲ ಹೇಳಿದೆ, ಚಿಂದಿ ಬಟ್ಟೆಯದನ್ನೂ ಸೇರಿಸಿ. ಬೋಟಿನದೇನೂ ತಪ್ಪಿಲ್ಲ, ವಾಲ್ವು ಅಷ್ಟು ಸಲೀಸಾಗಿ ತಿರುಗಿದ್ದೂ ಬಾವ ವಾರವಾರ ಅದನ್ನು ತಿರುಗಿಸುತ್ತಿದ್ದುದರಿಂದ ಎಂದೆ. ಬಾವ ತಲೆ ತಗ್ಗಿಸಿ ಲೋಟದ ಕಾಫಿಯನ್ನೇ ನೋಡುತ್ತಿದ್ದರು.

ಅಕ್ಕ ಕ್ಲ್ಯಾಂಪನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನಿಂದೇ ಅಂತ ನಂಗೆ ಅವತ್ತೇ ಗೊತ್ತಿತ್ತು. ನನ್ನ ಮುಖ ನೋಡದೆ ಏಳು ಬನ್ಸ್ ತಿಂದಿ. ಹೇಳ್ಲಿಕ್ಕೆ ಒಂದು ವಾರ ಬೇಕಾಯ್ತಾ?"

ಅವಳು ಗಂಡನ ಕಡೆ ತಿರುಗಿದಳು.

"ಮಾರುದು ಬೇಡ. ಆದ್ರೆ ಇನ್ನು ನಾನೂ ಬರ್ತೇನೆ. ನಿಮ್ಮಿಬ್ರನ್ನೇ ಬಿಟ್ರೆ ಅದು ಮುಳುಗ್ತದೆ."

ಬಾವ ಆಗ ನಕ್ಕದ್ದು ಅಡುಗೆಯವರು ಬಾಗಿಲಿಗೆ ಬಂದು ನೋಡುವಷ್ಟು ಜೋರಾಗಿತ್ತು.

ಅಂದಿನಿಂದ ಮೂರು ವರ್ಷ, ಮಳೆಗಾಲ ಬಿಟ್ಟರೆ, ಭಾನುವಾರಗಳಲ್ಲಿ ನಾವು ಮೂವರು. ಕೆಸರಿನ ಮೇಲೆ ಬೋಟು ನಿಂತಾಗ ತಳಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆಯುವುದು ನಾನು, ಬಣ್ಣ ಬಳಿಯುವುದು ಬಾವ. ಎಲ್ಲಿ ಬಿಟ್ಟುಹೋಗಿದೆ ಎಂದು ತೋರಿಸುವುದು ಅಕ್ಕ. ಯಾವ ಹೊಸ ವಸ್ತುವೂ ಅವಳು ಒಮ್ಮೆ ಕೈಯಲ್ಲಿ ಹಿಡಿದು ನೋಡದೆ ಬೋಟು ಹತ್ತುವುದಿಲ್ಲ. ನನಗೆ ಮೊದಮೊದಲು ಸ್ವಲ್ಪ ಅವಮಾನವಾಗುತ್ತಿತ್ತು. ಈಗ ಕಾರ್ಖಾನೆಯಲ್ಲೂ ಹೊಸ ಸಾಮಾನು ಬಂದರೆ ಇದನ್ನು ಅಕ್ಕ ಒಪ್ಪುತ್ತಿದ್ದಳೇ ಎಂದು ಯೋಚಿಸಿ ಸಹಿ ಹಾಕುತ್ತೇನೆ.

ಶನಿವಾರ ಅಂಗಡಿಯಿಂದ ಮನೆಗೆ ಬಂದು, ಪೈಪು ಸರಿಮಾಡಿ ಕೂತಿದ್ದೆ. ಅಕ್ಕನ ಫೋನು ಬಂತು. ದೀಪಾವಳಿ ಕಳೆದ ಮೇಲೆ ಬೋಟಿನಲ್ಲೇ ನಮ್ಮ ಊರ ಕಡೆಯ ಬಂದರು ಮಲ್ಪೆಗೆ ಹೋಗುವುದೆಂದು ನಿರ್ಧರಿಸಿದ್ದಾಳಂತೆ. ಹಗಲಲ್ಲಿ ಮಾತ್ರ ಓಡಿಸಿ, ಒಂದೊಂದು ಬಂದರಿನಲ್ಲಿ ತಂಗುತ್ತ, ಬೇಕಾದಷ್ಟು ದಿನ ತೆಗೆದುಕೊಂಡು. ಬಾವ ಬಂದರು ಕಚೇರಿಯ ಕಾಗದಪತ್ರಕ್ಕೆ ಓಡಾಡುತ್ತಿದ್ದಾರಂತೆ. ಇಷ್ಟು ವರ್ಷ ಊರಿಗೆ ಬಸ್ಸಿನಲ್ಲಿ, ರೈಲಿನಲ್ಲಿ ಹೋದೆವು, ಒಮ್ಮೆ ಎದುರುಬದಿಯಿಂದ, ಕಡಲ ಕಡೆಯಿಂದ ಹೋಗಿ ನೋಡುವ ಎಂದಳು.

ಇಷ್ಟರವರೆಗೆ ನಾನು ಅವರ ಜೊತೆ ಹೋದದ್ದೆಲ್ಲ ಸಂಜೆಯೊಳಗೆ ದಡ ಸೇರುವ ಓಡಾಟಗಳಿಗೆ ಮಾತ್ರ. ಸಮುದ್ರದಲ್ಲಿ ನನ್ನ ಹೊಟ್ಟೆ ನಿಲ್ಲುವುದಿಲ್ಲ, ರಜೆಯೂ ಸಿಗುವುದು ಕಷ್ಟ. ಅಕ್ಕ ಕರೆದಿರಲಿಲ್ಲ. ಆದರೂ, ನಾನೂ ಬರುತ್ತೇನೆ ಎಂದು ಬಾಯಿಂದ ಬಂದುಬಿಟ್ಟಿತು.

"ಮತ್ತೆ? ನೀನಿಲ್ಲದೆ ನಾನು ಹೊರಡುದಿಲ್ಲ ಅಂತ ನಿನ್ನ ಬಾವನಿಗೆ ಹೇಳಿ ಆಗಿದೆ."

ಇಂದು ಬೆಳಿಗ್ಗೆ ಕಾರ್ಖಾನೆಯಲ್ಲಿ ರಜೆಯ ಅರ್ಜಿ ತುಂಬಿದೆ. ಕಾರಣ ಎಂಬ ಜಾಗದಲ್ಲಿ, ಅಕ್ಕನನ್ನು ಊರಿಗೆ ಕರೆದುಕೊಂಡು ಹೋಗುವುದು ಎಂದು ಬರೆದೆ. ಒಮ್ಮೆ ಓದಿ ನೋಡಿ, ಅದನ್ನು ಹೊಡೆದುಹಾಕಿ, ಅಕ್ಕ ಊರಿಗೆ ಕರೆದುಕೊಂಡು ಹೋಗುತ್ತಿದ್ದಾಳೆ ಎಂದು ತಿದ್ದಿ ಕೊಟ್ಟೆ.