ಸೋತ ಮೇಲಿನ ಆಟ

ನನ್ನ ನೆನಪಿನ ಮೇಲೆ ನನಗೆ ಅಷ್ಟೇನೂ ಗೌರವವಿಲ್ಲ. ಹಲ್ಲಿನ ಡಾಕ್ಟರಾಗಿ ದಿನವೂ ನೋಡುತ್ತೇನೆ: ಕುರ್ಚಿಯಲ್ಲಿ ಒರಗಿದವರು ಒಂದು ಹಲ್ಲಿಗೆ ಬೆರಳಿಟ್ಟು ಇದೇ ನೋಯುತ್ತಿದೆ ಎನ್ನುತ್ತಾರೆ. ತಟ್ಟಿ ನೋಡಿದರೆ ಕೆಟ್ಟಿರುವುದು ಅದರ ಪಕ್ಕದ್ದು, ಕೆಲವೊಮ್ಮೆ ಮೇಲಿನ ಸಾಲಿನದು. ಅವರು ಸುಳ್ಳು ಹೇಳುತ್ತಿಲ್ಲ. ನೋವು ನಿಜ, ವಿಳಾಸ ಮಾತ್ರ ತಪ್ಪು. ಈಗ ಹೇಳಹೊರಟ ಮೆಲ್ಬರ್ನ್‌ನ ಸಂಗತಿಯನ್ನೂ ನೀವು ಹಾಗೆಯೇ ತಟ್ಟಿ ನೋಡಿಕೊಂಡು ಓದುವುದು ಒಳ್ಳೆಯದು.

ಎರಡು ಸಾವಿರದ ಇಸವಿ ಕಳೆದ ಹೊಸತು. ಮೈಸೂರಿನಲ್ಲಿ ಹಲ್ಲು ಕೀಳುತ್ತಿದ್ದ ನಾನು ಸಿಡ್ನಿಯ ಟೂಂಗಾಬಿಯ ದಿನಸಿ ಅಂಗಡಿಯೊಂದರಲ್ಲಿ ಬೇಳೆ ಮೂಟೆ ಹೊರುತ್ತಿದ್ದೆ. ಇಲ್ಲಿ ವೃತ್ತಿ ನಡೆಸಲು ಪಾಸಾಗಬೇಕಿದ್ದ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೆ. ಮೂರನೆಯ ಸಲ ಕೂರುವುದೋ, ಊರಿಗೆ ವಾಪಸಾಗುವುದೋ? ವಾಪಸಾಗುವುದೆಂದು ಹೆಚ್ಚುಕಡಿಮೆ ತೀರ್ಮಾನಿಸಿದ್ದೆ. ಹೊರಡುವ ಮುಂಚೆ ಒಮ್ಮೆ ಮುಖ ತೋರಿಸಿ ಹೋಗು ಎಂದು ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿದ್ದ ಶಶಿ ಕರೆದ. ಹಾಸ್ಟೆಲ್ಲಿನಲ್ಲಿ ನನ್ನ ರೂಮಿನಲ್ಲಿದ್ದವನು. ಸಮಾಧಾನ ಹೇಳುತ್ತಾನೆಂದುಕೊಂಡು ಹೋದರೆ, ಗಂಡಸರ ಸ್ಕ್ವಾಷ್ ತಂಡಗಳ ಅಂತರರಾಷ್ಟ್ರೀಯ ಪಂದ್ಯಾವಳಿಗೆ ಎರಡು ಟಿಕೆಟ್ ಹಿಡಿದು ನಿಂತಿದ್ದ.

ಸ್ಕ್ವಾಷ್ ವಿಚಿತ್ರ ಆಟ. ಟೆನಿಸ್ಸಿನವರು ಎದುರುಬದುರು ನಿಂತು ಕಾದಾಡುತ್ತಾರೆ. ಇಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಗೋಡೆಗೆ ಮುಖ ಮಾಡಿ, ರೆಂಟ್ ಹಂಚಿಕೊಂಡವರ ಹಾಗೆ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತ ಓಡಾಡಬೇಕು. ಚೆಂಡಂತೂ ಇನ್ನೂ ವಿಚಿತ್ರ. ತಣ್ಣಗಿದ್ದರೆ ಪುಟಿಯುವುದೇ ಇಲ್ಲ, ಹಿಟ್ಟಿನ ಉಂಡೆಯಂತೆ ಬಿದ್ದಲ್ಲೇ ಬಿದ್ದಿರುತ್ತದೆ. ಆದ್ದರಿಂದ ಆಟಕ್ಕೆ ಮೊದಲು ಎದುರಾಳಿಗಳಿಬ್ಬರೂ ಸೇರಿ, ಪರಸ್ಪರ ಹೊಡೆದುಕೊಟ್ಟು, ಅದನ್ನು ಬಿಸಿ ಮಾಡುತ್ತಾರೆ. ಆಮೇಲೆ ಅದೇ ಚೆಂಡಿನಿಂದ ಒಬ್ಬರನ್ನೊಬ್ಬರು ಸೋಲಿಸಲು ನೋಡುತ್ತಾರೆ. ಗಾಜಿನ ಗೋಡೆಯಾಚೆ ಕೂತ ನಮಗೆ ಅಕ್ವೇರಿಯಮ್ಮಿನ ಮೀನುಗಳ ಜಗಳ ನೋಡಿದಂತಿತ್ತು.

ತಂಡಕ್ಕೆ ಮೂವರು, ಮೂರು ಪಂದ್ಯ. ಎರಡು ಗೆದ್ದ ತಂಡ ಗೆದ್ದಂತೆ. ನಾವು ಪಕ್ಷ ವಹಿಸಿದ್ದು ನೀಲಿ ಅಂಗಿಯ ಯಾವುದೋ ಸಣ್ಣ ದೇಶದ ತಂಡದ್ದು. ದೇಶದ ಹೆಸರು ಮರೆತಿದೆ. ಅವರ ಕಡೆ ಸೀಟು ಖಾಲಿಯಿದ್ದದ್ದೇ ನಮ್ಮ ಅಭಿಮಾನಕ್ಕೆ ಕಾರಣ. ಅವರು ಮೊದಲೆರಡನ್ನೂ ಸೋತರು. ಬೇಕಾದಷ್ಟು ರನ್ ಬಂದೊಡನೆ ಆಟ ನಿಲ್ಲುವ ಕ್ರಿಕೆಟ್ ನೋಡಿ ಬೆಳೆದ ನಾವು, ಮುಗಿಯಿತೆಂದು ಎದ್ದೆವು. ಶಶಿಯ ಹೆಂಡತಿ ಕಟ್ಟಿಕೊಟ್ಟಿದ್ದ ಪುಳಿಯೋಗರೆ ಡಬ್ಬಿಯನ್ನು ಅದುವರೆಗೆ ಮರ್ಯಾದೆಗೆ ಅಂಜಿ ಮುಚ್ಚಿಟ್ಟಿದ್ದೆವು, ಈಗ ನಿಂತಲ್ಲೇ ತೆರೆದೆವು. ಇಂಗಿನ ವಾಸನೆ ಹಬ್ಬುವಷ್ಟರಲ್ಲಿ ಸುತ್ತ ನಿಶ್ಶಬ್ದವಾಯಿತು. ನೀಲಿ ಅಂಗಿಯ ಮೂರನೆಯವನು ಒಳಗೆ ಬಂದು, ಎದುರಾಳಿಯೊಂದಿಗೆ ಚೆಂಡು ಬಿಸಿ ಮಾಡತೊಡಗಿದ್ದ. ತಂಡ ಸೋತ ಮೇಲೂ ಉಳಿದ ಪಂದ್ಯ ಆಡುವುದು ಅಲ್ಲಿಯ ಪದ್ಧತಿಯಂತೆ. ಹಿಂದಿನ ಸಾಲಿನ ಬಿಳಿಗೂದಲಿನ ಹೆಂಗಸೊಬ್ಬರು ಕೂರಿ ಎಂದು ಸನ್ನೆ ಮಾಡಿದರು. ಬಾಯಲ್ಲಿ ಅನ್ನ ಇಟ್ಟುಕೊಂಡೇ ಕೂತೆವು.

"ಸೋತಾಯ್ತಲ್ಲೋ, ಇನ್ಯಾಕೆ ಆಡ್ತಾನೆ?" ಎಂದೆ.

"ಬಂದಿದಾನಲ್ಲ, ಆಡ್ತಾನೆ," ಎಂದ ಶಶಿ, ಬೆರಳಿಗಂಟಿದ ಗೊಜ್ಜು ನೆಕ್ಕುತ್ತ.

ಅವನು ಆಡಿದ. ನಡುನಡುವೆ ಬೆವರಿದ ಅಂಗೈಯನ್ನು ಗೋಡೆಗೆ ಒರೆಸುತ್ತಿದ್ದ, ಗಾಜಿನ ಮೇಲೆ ಬೆರಳುಗಳ ಮಬ್ಬು ಮೂಡಿ ಆರುತ್ತಿತ್ತು. ಗೆದ್ದ ಎಂದು ನನ್ನ ನೆನಪು. ಆದರೆ ಅವನು ಗೆಲ್ಲುವುದು ನನ್ನ ನೆನಪಿಗೆ ಅನುಕೂಲ, ಆದ್ದರಿಂದ ನಂಬಬೇಡಿ. ನಾನು ಸಿಡ್ನಿಗೆ ಮರಳಿ ಮೂರನೆಯ ಸಲ ಪರೀಕ್ಷೆಗೆ ಕೂತು ಪಾಸಾದೆ. ಎರಡು ಸೋಲು, ಆಮೇಲೊಂದು ಆಟ: ಅಲ್ಲೂ ಹಾಗೆ, ಇಲ್ಲೂ ಹಾಗೆ. ಇದು ಇಷ್ಟು ಓರಣವಾಗಿ ಕೂರುವುದೇ ನನಗೆ ಅನುಮಾನ. ಅಷ್ಟು ನೇರವಾಗಿರುವುದು ಕಟ್ಟಿಸಿಕೊಂಡ ಹಲ್ಲು ಮಾತ್ರ.

ಮೊನ್ನೆ ಸಿಡ್ನಿಯ ನಾರ್ವೆಸ್ಟ್‌ನ ನನ್ನ ಕ್ಲಿನಿಕ್ಕಿನಲ್ಲಿ ರೋಗಿಗಳಿಲ್ಲದ ಹೊತ್ತು ನೋಡಿ ಶಶಿಗೆ ಫೋನ್ ಮಾಡಿದೆ. ಬಂದಿದಾನಲ್ಲ, ಆಡ್ತಾನೆ ಎಂಬ ಅವನ ಆ ಮಾತಿಗೆ ಇಷ್ಟು ವರ್ಷವಾದರೂ ಕೃತಜ್ಞತೆ ಹೇಳಿರಲಿಲ್ಲ. ಅವನೋ, ಮೂರನೆಯ ಪಂದ್ಯವನ್ನು ನಾವು ನೋಡಲೇ ಇಲ್ಲ, ಡಬ್ಬಿ ಖಾಲಿಯಾದೊಡನೆ ಟ್ರೇನ್ ಹಿಡಿಯಲು ಓಡಿದೆವು ಎಂದುಬಿಟ್ಟ.

"ನಾನಾ? ಅಂಥಾ ಮಾತು ನನ್ ಬಾಯಿಂದ ಬರೋಕೆ ಚಾನ್ಸೇ ಇಲ್ಲ ಕಣೋ. ಹಿಂದೆ ಕೂತಿದ್ರಲ್ಲ, ಆ ಆಂಟಿ ಹೇಳಿರ್ಬೇಕು."

ಆ ಆಂಟಿಗೆ ಕನ್ನಡ ಬರುತ್ತಿರಲಿಲ್ಲ ಎಂದೆ. ಪುಳಿಯೋಗರೆ ವಾಸನೆಗೆ ಬಂದಿರಬಹುದು ಎಂದ.

ಹಾಗಾದರೆ ನಾನು ಯಾರಿಗೆ ಋಣಿ? ಹೆಸರು ಮರೆತ ಆಟಗಾರನಿಗೋ, ಸೋತ ತಂಡದವನೆದುರೂ ಅಷ್ಟೇ ಶ್ರದ್ಧೆಯಿಂದ ಚೆಂಡು ಬಿಸಿ ಮಾಡಿಕೊಟ್ಟ ಎದುರಾಳಿಗೋ? ಬಾಕ್ಸ್ ಹಿಲ್‌ನಲ್ಲಿ ನಾನಿದ್ದಷ್ಟು ದಿನವೂ ಪರೀಕ್ಷೆಯ ಸುದ್ದಿ ಎತ್ತದೆ ಎರಡೆರಡು ಸಲ ಬಡಿಸಿದ ಆ ಮನೆಗೋ? ಬೆರಳಿಡುವ ಹಲ್ಲು ತಪ್ಪಿರಬಹುದು. ಬೆರಳಿಡುವಂತೆ ಮಾಡಿದ್ದು ಮಾತ್ರ ನಿಜ. ಯಾರು ಹೇಳಿದ್ದರೇನು, ನಾನು ಇಲ್ಲೇ ಉಳಿದದ್ದು ಆ ಮಾತಿನಿಂದ ಎಂದು ಹಟ ಹಿಡಿದೆ.

"ಆಯ್ತಪ್ಪ," ಎಂದ ಶಶಿ. "ಯಾರ್ ಹೇಳಿದ್ರೋ ಅವರ ಪರವಾಗಿ ನಾನೇ ತಗೋತೀನಿ ನಿನ್ ಥ್ಯಾಂಕ್ಸು."

ಆಮೇಲೆ ದನಿ ತಗ್ಗಿಸಿ, ಹಲ್ಲು ನೋಯುತ್ತಿದೆ, ಮುಂದಿನ ವಾರ ಸಿಡ್ನಿಗೆ ಬರಲೇ ಎಂದು ಕೇಳಿದ. ಯಾವ ಹಲ್ಲು ಎಂದೆ. ಕೆಳಗಿನದು ಎಂದ. ತುಸು ತಡೆದು, ಅಲ್ಲ, ಮೇಲಿನದಿರಬೇಕು ಎಂದ.

ಬಾ, ತಟ್ಟಿ ನೋಡೋಣ ಎಂದೆ.