ಹತ್ತಿ ಅಕ್ಕನ ಮಚ್ಚೆ

ಅವಳ ಎಡಗಿವಿಯ ಓಲೆಯ ಹಿಂದೆ ಸದಾ ಒಂದು ಚೂರು ಹತ್ತಿ ಇರುತ್ತಿತ್ತು, ಮದುವೆಮನೆಯಲ್ಲಿ ಗಂಡಸರು ಅತ್ತರಿನ ಹತ್ತಿ ಸಿಕ್ಕಿಸಿಕೊಳ್ಳುವ ಹಾಗೆ. ಆಂಧ್ರದ ಗಡಿಯ ನಮ್ಮ ಆದೋನಿಯಲ್ಲಿ ಹತ್ತಿಗೇನು ಬರ? ಜಿನ್ನಿಂಗ್ ಮಿಲ್ಲುಗಳಿಂದ ಹಾರಿ ಬಂದದ್ದು ನಮ್ಮ ಹಾಸ್ಟೆಲಿನ ಕಿಟಕಿಗೆ, ಒಣಹಾಕಿದ ಲಂಗಕ್ಕೆ, ಕೆಲವೊಮ್ಮೆ ಸಾರಿಗೂ ಬೀಳುತ್ತಿತ್ತು. ಆದರೆ ಹತ್ತಿಯನ್ನು ಕಿವಿಗಿಟ್ಟುಕೊಂಡು ಓಡಾಡುತ್ತಿದ್ದವಳು ಅವಳೊಬ್ಬಳೇ. ಅದಕ್ಕೇ ನಾವೆಲ್ಲ ಅವಳನ್ನು ಹತ್ತಿ ಅಕ್ಕ ಎನ್ನುತ್ತಿದ್ದೆವು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕೌತಾಳಂನಿಂದ ಬಂದು ಕಾಲೇಜು ಸೇರಿದ ಹೊಸತು. ಅವಳು ಕೊನೆಯ ವರ್ಷದ ಬಿ.ಎಸ್ಸಿ., ಪೆದ್ದಕಡುಬೂರಿನ ಕಡೆಯ ಕುರಿಗಾರರ ಮನೆಯ ಹುಡುಗಿ. ಆ ವರ್ಷ ಯೂನಿವರ್ಸಿಟಿಯವರು ಒಂದು ಏರ್ಪಾಟು ಮಾಡಿದ್ದರು. ಪ್ರತಿ ಹಾಸ್ಟೆಲಿನಿಂದ ಒಬ್ಬಳನ್ನು ಆರಿಸಿ, ಡಾಕ್ಟರಮ್ಮನಿಂದ ತರಬೇತಿ ಕೊಡಿಸಿ, ಉಳಿದವರಿಗೆ ಆರೋಗ್ಯದ ಪಾಠ ಹೇಳಿಸುವುದು. ದೊಡ್ಡವರು ಹೇಳಿದರೆ ಹುಡುಗಿಯರು ಕೇಳುವುದಿಲ್ಲ, ಓರಗೆಯವರು ಹೇಳಿದರೆ ಕೇಳುತ್ತಾರೆ ಎಂಬ ನಂಬಿಕೆ ಅವರದು. ಶನಿವಾರ ಸಂಜೆ ಊಟದ ಹಾಲ್‌ನಲ್ಲಿ ನಮ್ಮನ್ನು ಕೂಡಿಸಿಕೊಂಡು, ತಲೆಯ ಹೇನಿನಿಂದ ಹಿಡಿದು ಮುಟ್ಟಿನ ಬಟ್ಟೆಯನ್ನು ಬಿಸಿಲಿಗೆ ಹಾಕುವ ತನಕ ಅವಳು ಮಾತಾಡುವಳು. ನಾವು ಬಾಯಿಗೆ ದಾವಣಿ ಅಡ್ಡ ಹಿಡಿದು ಕಿಸಕ್ಕನೆ ನಕ್ಕರೆ, "ನಗ್ರಿ, ನಗ್ರಿ. ರೋಗಕ್ಕ ನಾಚಿದ್ರ ಅದಕ್ಕ ಗೊಬ್ಬರ ಹಾಕಿದಂಗ, ತಿಳೀತಿಲ್ಲೋ?" ಎನ್ನುವಳು.

ಕುಷ್ಠದ ಪಾಠದ ದಿನ ತೆಲುಗಿನ ಪೋಸ್ಟರು ತಂದಳು. 'ಸ್ಪರ್ಶ ಲೇನಿ ಮಚ್ಚ' ಎಂದಿತ್ತು. ತೆಲುಗಿನಲ್ಲಿ ಲೇನಿ ಎಂದರೆ ಇಲ್ಲದ, ಮಚ್ಚ ಎಂದರೆ ಕಲೆ. ಮನೆಯಲ್ಲಿ ಕನ್ನಡ ಆಡುವ ನಮ್ಮ ಕಿವಿಗೆ ಅದು ಮಚ್ಚೆ ಎಂದೇ ಬಿತ್ತು. ನನ್ನ ಕೋಣೆಯ ಗೆಳತಿ ತನ್ನ ಗಲ್ಲದ ಮಚ್ಚೆ ಮುಟ್ಟಿಕೊಂಡು ಅಳುವುದಕ್ಕೇ ಶುರುಮಾಡಿದಳು. ಹತ್ತಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯ ಹುಚ್ಚಿ, ಅದು ಮಚ್ಚೆ, ಚೆಂದಕ್ಕ ಇರೋದು. ಇದು ಮಚ್ಚ. ಮುಟ್ಟಿದ್ರೂ ಗೊತ್ತಾಗದ ಕಲೆ. ಮಾತ್ರಿ ತಗೊಂಡ್ರ ಹೋಗತೈತಿ."

ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ, ಕಣ್ಣು ಮುಚ್ಚಿಸಿ, ಕಿವಿಯ ಹತ್ತಿಯಿಂದ ಎಳೆ ತೆಗೆದು ಮೈಗೆ ಸೋಕಿಸಿದಳು. ಸೋಕಿದ ಕಡೆ ಬೆರಳಿಟ್ಟು ತೋರಿಸಬೇಕು. ಕಚಗುಳಿಗೆ ಎಲ್ಲರೂ ಕಿರುಚಿದೆವು.

ಮುಂದಿನ ವರ್ಷ ಈ ಕೆಲಸ ನೀನೇ ಮಾಡಬೇಕು ಎಂದು ಅವಳು ನನ್ನನ್ನು ಹಿಡಿದದ್ದು ಯಾಕೋ ಕಾಣೆ. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕೂತು, ರವಿಕೆಯ ತೋಳನ್ನು ಹೆಗಲ ತನಕ ಏರಿಸಿ, ಕಣ್ಣು ಮುಚ್ಚಿ, "ನನ್ನ ಮ್ಯಾಲೆ ಕಲಿ" ಎಂದಳು. ಮಣಿಕಟ್ಟಿಗೆ ಸೋಕಿಸಿದೆ, ತೋರಿಸಿದಳು. ಅಂಗೈಗೆ ಸೋಕಿಸಿದೆ, ತೋರಿಸಿದಳು. ತೋಳಿನ ಹಿಂಬದಿ, ಅವಳಿಗೆ ಸುಲಭಕ್ಕೆ ಕಾಣದ ಕಡೆ, ಎಂಟಾಣೆಯಷ್ಟಗಲದ ಮಾಸಲು ಕಲೆಯೊಂದಿತ್ತು. ಅಲ್ಲಿ ಸೋಕಿಸಿದೆ. ಅವಳು ಅಲ್ಲಾಡಲಿಲ್ಲ. ಮತ್ತೆ ಸೋಕಿಸಿದೆ.

"ಮುಟ್ಟು ಹುಡುಗಿ. ಯಾಕ ಸುಮ್ಮನ ಕುಂತಿ?" ಎಂದಳು.

"ಮುಟ್ಟೀನಕ್ಕಾ" ಎಂದೆ.

ಕಣ್ಣು ಬಿಟ್ಟು, ತೋಳು ಮುಂದಕ್ಕೆ ಎಳೆದು ನೋಡಿದಳು. ಎಳೆ ಅಲ್ಲೇ ಅಂಟಿಕೊಂಡಿತ್ತು. "ಅದಾ? ಅದು ಮಚ್ಚೆ. ಸಣ್ಣಾಕಿ ಇದ್ದಾಗಿಂದ ಐತಿ. ಅದೃಷ್ಟದ ಮಚ್ಚೆ ಅಂತಾಳ ನಮ್ಮಜ್ಜಿ" ಎಂದು ನಕ್ಕಳು. ತಾನಾಡಿದ ಮಾತು ತನ್ನ ಕಿವಿಗೇ ಬಿದ್ದಿರಬೇಕು. ನಗು ಅರ್ಧಕ್ಕೆ ನಿಂತಿತು. ತೋಳು ಮುಚ್ಚಿಕೊಂಡು ಎದ್ದು ಹೋದಳು.

ಆಮೇಲಿನ ಶನಿವಾರಗಳಲ್ಲಿ ಅವಳಿಗೆ ತಲೆನೋವು. ಕಿವಿಯ ಹತ್ತಿಯೂ ಮಾಯ. ಪರೀಕ್ಷೆ ಮುಗಿಯುತ್ತಲೇ ಅವಳ ಲಗ್ನ, ಹುಡುಗ ಸೋದರಮಾವನ ಮಗ, ಎಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವಳೊಬ್ಬಳೇ ಸಿಕ್ಕಾಗ ಬಾಯಿಬಿಟ್ಟೆ.

"ಡಾಕ್ಟರಮ್ಮನ ಹತ್ರ ಹೋಗೋಣ ಬಾ ಅಕ್ಕಾ. ಮಾತ್ರಿ ತಗೊಂಡ್ರ ಹೋಗತೈತಿ ಅಂತ ನೀನೇ ಹೇಳಿದ್ದೆಲ್ಲ."

"ಮಾತ್ರಿಗೆ ರೋಗ ಹೋಗತೈತಿ. ಹೆಸರು ಹೋಗತೈತೇನು?" ಎಂದು ರೇಗಿದಳು. ಹಿಂಡುತ್ತಿದ್ದ ಲಂಗವನ್ನು ಹಾಗೇ ಬಿಟ್ಟು ಅತ್ತಳು. "ಮಂದಿಗೆ ಹೇಳೂವಾಗ ನನ್ನ ಬಾಯಿ ಭಾಳ ಸಲೀಸಿತ್ತು ನೋಡು."

ಏನು ಹೇಳಬೇಕೋ ತೋಚದೆ, "ನಮ್ಮ ಹುಡಿಗೇರ ಮನ್ಯಾಗೂ ಯಾರಾದ್ರೂ ಹಿಂಗ ಮಚ್ಚೆ ಅಂತ ಸುಮ್ಮನದಾರೋ ಏನೋ" ಎಂದೆ. ಅವಳು ಮೂಗೊರೆಸಿಕೊಂಡು ಲಂಗವನ್ನು ಮತ್ತೆ ಹಿಂಡತೊಡಗಿದಳು.

ಮುಂದಿನ ಶನಿವಾರ ಊಟದ ಹಾಲ್‌ಗೆ ಬಂದಳು. ಕಿವಿಯಲ್ಲಿ ಹತ್ತಿ ಇತ್ತು. ಎಲ್ಲರ ಮುಂದೆ ತೋಳು ಏರಿಸಿ ತಿರುಗಿ ನಿಂತಳು.

"ನಿನ್ನೆ ಡಾಕ್ಟರಮ್ಮಗ ತೋರಿಸಿ ಬಂದೀನಿ. ನಮ್ಮಜ್ಜಿ ಇದನ್ನ ಮಚ್ಚೆ ಅಂತಿದ್ಲು. ಇದು ಮಚ್ಚ. ಹತ್ರ ಬಂದು ನೋಡ್ರಿ, ನಿಮ್ಮ ಮನ್ಯಾಗ ಇಂಥಾದ್ದು ಇದ್ರ ಗುರುತು ಸಿಗಲಿ."

ಯಾರೂ ನಗಲಿಲ್ಲ. ಮುಂದೆ ಕೂತವರು ಹಿಂದಕ್ಕೆ ಸರಿದರು. ನಾನು ಎದ್ದು ಹೋಗಿ ಅವಳ ಪಕ್ಕ ನಿಂತೆ.

ಎರಡು ದಿನದೊಳಗೆ ಅವಳ ತಟ್ಟೆ, ಲೋಟ ಬೇರೆಯಾದವು. ಇದು ಯಾರಿಗೂ ಅಂಟುವ ಹಂತದ್ದಲ್ಲ ಎಂದು ಡಾಕ್ಟರಮ್ಮ ಬಂದು ಹೇಳಿದರು. "ನಿಜಮೇ ಅಮ್ಮಾ, ಕಾನಿ ತಲ್ಲಿದಂಡ್ರುಲು ಊರುಕೋರು" ಎಂದರು ವಾರ್ಡನ್. ನಿಜವೇ ಇರಬಹುದು, ಹುಡುಗಿಯರ ತಂದೆತಾಯಿ ಸುಮ್ಮನಿರುವುದಿಲ್ಲ ಎಂದು. ಅವಳ ಅಪ್ಪ ಬಂದು ಟ್ರಂಕು ಹೊತ್ತು ಅವಳನ್ನು ಊರಿಗೆ ಕರೆದುಕೊಂಡು ಹೋದ. ಲಗ್ನ ಮುರಿಯಿತು. ಓರಗೆಯವರ ಮಾತು ಓರಗೆಯವರು ಕೇಳುತ್ತಾರೆ ಎಂದವರ ಮೇಲೆ ನನಗೆ ಕೆಟ್ಟ ಸಿಟ್ಟು ಬಂದಿತ್ತು.

ಅದೇ ವಾರ, ಗಲ್ಲದ ಮಚ್ಚೆಗೆ ಅತ್ತಿದ್ದ ಗೆಳತಿ ನನ್ನ ಸೆರಗು ಜಗ್ಗಿದಳು. "ನಮ್ಮ ತಮ್ಮನ ಬೆನ್ನಮ್ಯಾಲೆ ಅಂಥಾದ್ದೇ ಐತಿ ನೋಡು. ಮನ್ಯಾಗ ಮಚ್ಚೆ ಅಂತಾರ." ಆ ತಮ್ಮ ಮಾತ್ರೆ ತಿಂದು ಗುಣವಾದ. ಬೆರಳೊಂದೂ ಸೊಟ್ಟಗಾಗಲಿಲ್ಲ.

ವರ್ಷಗಳ ಮೇಲೆ ಉರುಕುಂದದ ಬಸ್ಸಿನಲ್ಲಿ ಹತ್ತಿ ಅಕ್ಕ ಸಿಕ್ಕಳು. ಮದುವೆಯಾಗಿರಲಿಲ್ಲ. ತೋಳು ತಿರುಗಿಸಿ ತೋರಿಸಿ, "ಮಚ್ಚ ಹೋತು ನೋಡು. ನಮ್ಮಜ್ಜಿ ಹೇಳಿದ ಅದೃಷ್ಟಾನೂ ಅದರ ಜೊತೀಗೇ ಹೋತು" ಎಂದು ನಕ್ಕಳು. ನನಗೆ ನಗಲಾಗಲಿಲ್ಲ. ಈಗ ಅವಳಿಲ್ಲ.

ನಾನು ಟೀಚರಾದೆ. ಪ್ರತಿ ವರ್ಷ ಹುಡುಗಿಯರನ್ನು ಕೂರಿಸಿ ಹತ್ತಿಯ ಎಳೆ ಸೋಕಿಸಿದ್ದೇನೆ, ಮಚ್ಚೆ ಬೇರೆ ಮಚ್ಚ ಬೇರೆ ಎಂದು ಹೇಳಿದ್ದೇನೆ. ಕೊನೆಗೆ ಒಬ್ಬಳ ಕೈಗೆ ಎಳೆ ಕೊಟ್ಟು, ನನ್ನ ತೋಳು ಚಾಚಿ ಕಣ್ಣು ಮುಚ್ಚುತ್ತಿದ್ದೆ. ಅದು ಸೋಕಿದ್ದು ತಿಳಿಯುವ ತನಕ ಅಂಜಿಕೆ ಬಿಡುತ್ತಿರಲಿಲ್ಲ. ಹುಡುಗಿ ತುಸು ತಡಮಾಡಿದರೂ ನನ್ನ ಬಾಯಿಂದ ಅವಳ ಮಾತೇ ಬಂದುಬಿಡುತ್ತಿತ್ತು: "ಮುಟ್ಟು ಹುಡುಗಿ. ಯಾಕ ಸುಮ್ಮನ ಕುಂತಿ?"